ಎಂಬತ್ತೈದರ ಕೆಳಗೆ

ಜನವರಿ 8

ತೊಂಬತ್ತೆಂಟು ಕಿಲೋ ನಾನೂರು ಗ್ರಾಂ. ಶೂ ಬಿಚ್ಚಿ, ಬೆಲ್ಟ್ ಬಿಚ್ಚಿ, ಜೇಬಿನ ಬೀಗದ ಕೈ ತೆಗೆದಿಟ್ಟು ನಿಂತ ಮೇಲೂ ಇಷ್ಟು. ಆಸ್ಪತ್ರೆಯ ತಕ್ಕಡಿಯನ್ನು ಬೈಯೋಣವೆಂದರೆ ಅದರ ಮೇಲಿನ ಮುದ್ರೆ ನನ್ನದೇ. ಹೋದ ವರ್ಷ ಆ ಆಸ್ಪತ್ರೆಯ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಸರಿಯಿದೆ ಎಂದು ಮುದ್ರೆ ಒತ್ತಿದವನು ನಾನು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಟರಾಗಿ ಊರಿನವರಿಗೆಲ್ಲ ಸರಿಯಾದ ತೂಕ ಕೊಡಿಸಿದ್ದೇನೆ, ಇವತ್ತು ನನಗೂ ಸಿಕ್ಕಿತು.

ವಿಷಯ ಇಷ್ಟು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಹೋದ ತಿಂಗಳು ಅವಳ ಮನೆಯಲ್ಲಿ ಎಲ್ಲರೂ ನೆಲ ನೋಡುತ್ತ ಕೂತಿದ್ದಾಗ ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ "ನಾನು ಕೊಡ್ತೀನಿ" ಎಂದುಬಿಟ್ಟಿತು. ಭಾವನಿಗೆ ಸಕ್ಕರೆ ಕಾಯಿಲೆ, ಅವರದು ನಡೆಯುವುದಿಲ್ಲ. ನನ್ನದೂ ಹೊಂದುವುದಿಲ್ಲ, ಕೊಡುತ್ತೇನೆ ಎಂದ ಒಳ್ಳೆಯ ಹೆಸರು ಮಾತ್ರ ಉಳಿಯುತ್ತದೆ ಎಂದುಕೊಂಡಿದ್ದೆ. ರಕ್ತ ಹೊಂದಿತು. ಅದರ ಮೇಲಿನ ಪರೀಕ್ಷೆಗಳೆಲ್ಲ ಹೊಂದಿದವು. ನಲವತ್ತೊಂಬತ್ತು ವರ್ಷದಲ್ಲಿ ನನಗೂ ಅಕ್ಕನಿಗೂ ಹೊಂದಿದ್ದು ಇದೊಂದೇ.

ಡಾಕ್ಟರ್ ನನ್ನೊಬ್ಬನನ್ನೇ ಒಳಗೆ ಕೂರಿಸಿಕೊಂಡು, ನಿಜವಾಗಿಯೂ ಮನಸ್ಸಿದೆಯೇ ಎಂದು ಕೇಳಿದರು. ಇಲ್ಲದೆ ಏನು ಸಾರ್ ಎಂದೆ. ಅಷ್ಟು ಚಳಿಯಲ್ಲೂ ಕತ್ತು ಒರೆಸಿಕೊಳ್ಳುತ್ತಿದ್ದವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಫೈಲಿನಲ್ಲಿ ಏನೋ ಬರೆದು, ಈ ತೂಕದಲ್ಲಿ ನಿಮ್ಮನ್ನು ಮುಟ್ಟುವುದಿಲ್ಲ, ಎಂಬತ್ತೈದರ ಕೆಳಗೆ ಬನ್ನಿ, ಜೂನ್‌ವರೆಗೆ ಸಮಯವಿದೆ ಎಂದರು. ಹದಿಮೂರು ಕಿಲೋ ಚಿಲ್ಲರೆ. ನಾನು ಮುಖ ಸಪ್ಪೆ ಮಾಡಿಕೊಂಡೆ. ಲಿಫ್ಟಿನಲ್ಲಿ ಒಬ್ಬನೇ ಆದಾಗ ಹೋದ ಜೀವ ಬಂದಂತಾಯಿತು. ಜಗತ್ತಿನಲ್ಲಿ ನನ್ನ ಕೈಲಾಗದ ಒಂದೇ ಒಂದು ಕೆಲಸವನ್ನು ಹುಡುಕಿ ಹೇಳಿದ್ದಾರೆ. ಪಾಪ, ಪ್ರಯತ್ನಪಟ್ಟ, ಆಗಲಿಲ್ಲ ಎಂದು ಜನ ಹೇಳುತ್ತಾರೆ, ಅಷ್ಟು ಸಾಕು.

ಜನವರಿ 11

ಆಸ್ಪತ್ರೆಯ ಪಥ್ಯದ ಮೇಡಂ ಒಂದು ನೋಟ್‌ಬುಕ್ ಕೊಟ್ಟು, ಬಾಯಿಗೆ ಹೋದದ್ದೆಲ್ಲ ಇದರಲ್ಲಿ ಬರೆಯಬೇಕು ಎಂದಿದ್ದಾರೆ. ಅದು ಅವರಿಗೆ. ಇದು ನನಗೆ. ಅದರಲ್ಲಿ: ಬೆಳಿಗ್ಗೆ ಎರಡು ಚೂರು ಬ್ರೆಡ್, ಮಧ್ಯಾಹ್ನ ಬೇಯಿಸಿದ ಎಲೆಕೋಸು, ಅರ್ಧ ಬಟ್ಟಲು ಅನ್ನ. ಇದರಲ್ಲಿ: ಮಾರ್ಕೆಟ್ ತಪಾಸಣೆ ಮುಗಿಸಿ ಬರುತ್ತ ಬೇಕರಿಯಲ್ಲಿ ಕ್ರೀಮ್ ಬನ್ ಎರಡು. ಗಿರಾಕಿಗೆ ಒಂದು ತೂಕದ ಬಟ್ಟು, ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಇನ್ನೊಂದು ಬಟ್ಟು ಇಟ್ಟುಕೊಂಡ ಅಂಗಡಿಯವರಿಗೆ ಈ ಇಪ್ಪತ್ತೆರಡು ವರ್ಷ ಬಾಯಿಗೆ ಬಂದಂತೆ ಬೈದಿದ್ದೇನೆ. ಅವರ ಕಷ್ಟ ಅವರಿಗೇ ಗೊತ್ತು.

ಜನವರಿ 12

ನಡೆದೆ. ಹದಿನೈದು ನಿಮಿಷ. ಪಾರ್ಕಿನ ನಾಯಿಗಳೂ ಕನಿಕರದಿಂದ ನೋಡಿದವು.

ಜನವರಿ 29

ಅಕ್ಕನನ್ನು ನೋಡಿ ಬಂದೆ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮಷೀನು. ಮೂವತ್ತು ವರ್ಷದಿಂದ ಬೀದಿಯವರ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಬದುಕಿದವಳು. ಯಾರು ಎಷ್ಟು ದಪ್ಪಗಾದರು ಎಂಬುದು ಅವರ ಹೆಂಡಿರಿಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತದೆ. ಬಾಗಿಲಲ್ಲಿ ನಿಂತ ನನ್ನನ್ನು ಕನ್ನಡಕದ ಮೇಲಿನಿಂದ ಅಳೆದಳು. ಮೂರು ವಾರದಲ್ಲಿ ಅರ್ಧ ಬೆರಳಷ್ಟೂ ಇಳಿದಿಲ್ಲ ಎಂದು ಅಲ್ಲಿಂದಲೇ ತೀರ್ಪು ಕೊಟ್ಟಳು.

ನಾನು ಎಲೆಕೋಸಿನ ಕಷ್ಟ ತೋಡಿಕೊಂಡೆ. ಅವಳು ಮಷೀನಿನಿಂದ ತಲೆ ಎತ್ತದೆ ಹೇಳಿದಳು, "ನಿನ್ನ ಕಿಡ್ನಿ ನಂಗೆ ಬೇಡ ಕಣೋ. ಹಾಕಿಸ್ಕೊಂಡ್ರೆ ನಾನೂ ದಿನಾ ನಾಲ್ಕು ಗಂಟೆಗೆ ಬೇಕರಿ ಹುಡುಕ್ಕೊಂಡು ಹೋಗ್ತೀನಿ."

ಬೇಕರಿ ವಿಷಯ ಇವಳಿಗೆ ಯಾರು ಹೇಳಿದರೋ. ಚಿಕ್ಕಂದಿನಲ್ಲೂ ಹೀಗೇ, ನಾನು ಕದ್ದದ್ದು ಜೀರ್ಣವಾಗುವ ಮೊದಲೇ ಅವಳಿಗೆ ತಿಳಿದುಬಿಡುತ್ತಿತ್ತು. ನನ್ನ ಪ್ಯಾಂಟಿಗೆ ಒಂದು ಗುಂಡಿ ಹಾಕಿಕೊಡು ಎಂದರೂ ಹತ್ತು ಮಾತು ಆಡದೆ ಕೊಟ್ಟವಳಲ್ಲ. ಇಂಥವಳಿಗೆ ನಾನು ದೇಹದ ಬಿಡಿಭಾಗ ಕೊಡಬೇಕಂತೆ.

ಫೆಬ್ರವರಿ 16

ತೊಂಬತ್ತೇಳು ಒಂಬೈನೂರು. ಪಥ್ಯದ ಮೇಡಂ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇದರಲ್ಲಿ ಬರೆದದ್ದು ನಿಜವಾದರೆ ನೀವು ಇಷ್ಟು ಹೊತ್ತಿಗೆ ಫ್ಯಾನ್ ಗಾಳಿಗೆ ಹಾರಿಹೋಗಬೇಕಿತ್ತು ಎಂದರು. ನನ್ನ ಮೈ ಒಂದು ಥರ ಮೇಡಂ, ಗಾಳಿ ಕುಡಿದರೂ ಊದುತ್ತದೆ ಎಂದೆ. ಅವರು ನಗಲಿಲ್ಲ. ಮುಂದಿನ ಪೇಷೆಂಟನ್ನು ಕರೆದರು.

ಮಾರ್ಚ್ 3

ಭಾವನಿಗೆ ಜ್ವರ. ಅಕ್ಕನನ್ನು ಡಯಾಲಿಸಿಸ್‌ಗೆ ನಾನೇ ಕರೆದುಕೊಂಡು ಹೋಗಬೇಕಾಯಿತು. ಅಲ್ಲಿನ ಪದ್ಧತಿ ನನಗೆ ಗೊತ್ತಿರಲಿಲ್ಲ. ಒಳಗೆ ಹೋಗುವ ಮುಂಚೆ ಕಾರಿಡಾರಿನ ತಕ್ಕಡಿಯಲ್ಲಿ, ನನ್ನನ್ನು ತೂಗಿದ ಅದೇ ತಕ್ಕಡಿಯಲ್ಲಿ, ಪೇಷೆಂಟನ್ನು ನಿಲ್ಲಿಸುತ್ತಾರೆ. ಹಿಂದಿನ ಸಲಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರು ಮೈಯಲ್ಲಿ ಸೇರಿಕೊಂಡಿದೆ ಎಂದು ಲೆಕ್ಕ. ಅಷ್ಟನ್ನು ಮಷೀನು ಹಿಂಡಿ ತೆಗೆಯುತ್ತದೆ. ಹೆಚ್ಚು ತೆಗೆದರೆ ತಲೆ ಸುತ್ತಿ ಬೀಳುತ್ತಾರೆ, ಕಡಿಮೆ ತೆಗೆದರೆ ಉಸಿರು ಕಟ್ಟುತ್ತದೆ. ಎಲ್ಲ ನಿಂತಿರುವುದು ಆ ತಕ್ಕಡಿಯ ಮೇಲೆ. ಮುದ್ರೆ ಒತ್ತಿದ ದಿನ ನನಗೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಕ್ಕ ನಾಲ್ಕು ಗಂಟೆಯಲ್ಲಿ ಎರಡು ಕಿಲೋ ಇನ್ನೂರು ಗ್ರಾಂ ಇಳಿದಳು. ನಾನು ಎರಡು ತಿಂಗಳಲ್ಲಿ ಒಂದು ಕಿಲೋ. ಈ ಜೋಕನ್ನು ಅವಳಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಹಾಸಿಗೆಯಿಂದ ಎದ್ದಾಗ ಅವಳ ತುಟಿ ಬಿಳಿಚಿಕೊಂಡು ಒಡೆದಿತ್ತು. ನೀರು ಬೇಕಾ ಎಂದು ಬಾಟಲಿ ಚಾಚಿದೆ. ದಿನಕ್ಕೆ ಮುಕ್ಕಾಲು ಲೀಟರ್ ಮಾತ್ರವಂತೆ, ಇವತ್ತಿನದು ಮುಗಿದಿದೆಯಂತೆ. ಮನೆಗೆ ಹೋಗಿ ಒಂದು ಐಸ್ ಚೂರು ಚೀಪುತ್ತೇನೆ ಎಂದಳು. ಜೋಕು ನನ್ನ ಹತ್ತಿರವೇ ಉಳಿಯಿತು.

ಅವಳನ್ನು ಬಿಟ್ಟು ಬರುತ್ತ ಬೇಕರಿಯ ಮುಂದೆ ಗಾಡಿ ನಿಲ್ಲಿಸಿದೆ. ತುಂಬಾ ಜನ ಇದ್ದರು. ಹಾಗೇ ಬಂದೆ.

ಮಾರ್ಚ್ 6

ಬೇಕರಿಯಲ್ಲಿ ಇವತ್ತೂ ಜನ. ಒಂದು ಗಂಟೆ ನಡೆದೆ. ಹೊಸ ಶೂ ತೆಗೆದುಕೊಂಡಿದ್ದೇನಲ್ಲ, ಸುಮ್ಮನೆ ಬಿಟ್ಟರೆ ಚರ್ಮ ಗಟ್ಟಿಯಾಗುತ್ತದೆ.

ಮಾರ್ಚ್ 22

ತೊಂಬತ್ತೈದು ಇನ್ನೂರು. ಮೇಡಂ ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆಯುವುದನ್ನು ನಿಲ್ಲಿಸಿದ್ದೇನೆ. ಒಳ್ಳೆಯ ಬುದ್ಧಿ ಬಂದು ಅಲ್ಲ, ಎರಡೆರಡು ಕಡೆ ಬರೆದು ಕೈ ನೋಯುತ್ತದೆ.

ಆಫೀಸಿನಿಂದ ಇಪ್ಪತ್ತು ಕಿಲೋದ ನಾಲ್ಕು ಬಟ್ಟು ತಂದು ಮನೆಯ ತಕ್ಕಡಿಯನ್ನು ಪರೀಕ್ಷಿಸಿದೆ. ನೂರೈವತ್ತು ಗ್ರಾಂ ಕಡಿಮೆ ತೋರಿಸುತ್ತಿತ್ತು. ಸರಿ ಮಾಡಿದೆ. ಹೆಂಡತಿ ನೋಡಿ, ಜಗತ್ತಿನಲ್ಲಿ ಯಾರಾದರೂ ತಮ್ಮ ತೂಕವನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರಾ ಎಂದು ಕೇಳಿದಳು. ಇಲಾಖೆಯ ಗೌರವ ಎಂದು ಒಂದಿದೆ ಎಂದೆ. ಅದೂ ಎಂಬತ್ತು ಕಿಲೋ ಇದೆಯಾ ಎಂದಳು.

ಏಪ್ರಿಲ್ 19

ತೊಂಬತ್ತೆರಡು ನೂರು. ಮನೆಗೆ ಬಂದರೆ ಮೇಜಿನ ಮೇಲೆ ಚಾಕೊಲೆಟ್ ಕೇಕ್. ಈ ತಿಂಗಳಲ್ಲಿ ಇದು ಮೂರನೆಯದು. ಮೊದಲನೆಯದು ಪಕ್ಕದ ಮನೆಯವರು ಬರುತ್ತಾರೆ ಎಂದು, ಎರಡನೆಯದು ಮೊಟ್ಟೆ ಕೆಡುತ್ತದೆ ಎಂದು. ಇವತ್ತಿನದಕ್ಕೆ ಕಾರಣವನ್ನೂ ಹೇಳಲಿಲ್ಲ. ಪಥ್ಯದವನ ಮುಂದೆ ಹೀಗೆ ಕೇಕ್ ಮಾಡಿಡುವವಳಿಗೆ ಮರೆವೋ ಹೊಟ್ಟೆಕಿಚ್ಚೋ ಎಂದು ರೇಗಿಸಿದೆ.

ಅವಳು ತಟ್ಟೆ ಸರಿಸಿ ಕೂತಳು. "ಮರೆವು ಅಲ್ಲ. ಬೇಕೂಂತಲೇ ಮಾಡಿದೆ. ನಿಮಗೆ ಏನಾದ್ರೂ ಆದ್ರೆ? ಅವರಿಗೆ ನೀವು ತಮ್ಮ. ನನಗೆ ಇರೋದು ನೀವೊಬ್ಬರೇ."

ಜನವರಿಯಲ್ಲಿ ಹೇಳಿದ್ದರೆ ಅವಳ ಕೈ ಹಿಡಿದುಕೊಂಡು ನೀನು ಹೇಳಿದ್ದೇ ಸರಿ ಎನ್ನುತ್ತಿದ್ದೆನೇನೋ. ಇವತ್ತು ಒಂದು ಚೂರು ತಿಂದೆ, ಚೆನ್ನಾಗಿತ್ತು, ಹಾಗೆಂದು ಹೇಳಿದೆ. ಅಕ್ಕ ಐಸ್ ಚೀಪುವ ವಿಷಯ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಉಳಿದ ಕೇಕನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಆಮೇಲೆ ಇಬ್ಬರೂ ಪಾರ್ಕಿಗೆ ಹೋದೆವು. ಎರಡು ಸುತ್ತು ಮುಗಿಯುವಷ್ಟರಲ್ಲಿ ಅವಳಿಗೆ ಏದುಸಿರು. ನನಗೆ ಬರಲಿಲ್ಲ, ಇಳಿಜಾರು ಇದ್ದಿರಬೇಕು.

ಮೇ 17

ಎಂಬತ್ತೊಂಬತ್ತು ಐನೂರು. ಆಫೀಸಿನಲ್ಲಿ ಎಲ್ಲರೂ ನನ್ನ ಕಾಯಿಲೆ ಯಾವುದು ಎಂದು ಊಹಿಸುತ್ತಿದ್ದಾರೆ. ಗುಮಾಸ್ತ ಬಂದು ದನಿ ತಗ್ಗಿಸಿ, ಎಷ್ಟನೇ ಹಂತದಲ್ಲಿದೆ ಸಾರ್ ಎಂದು ಕೇಳಿದ. ನನ್ನ ಕುರ್ಚಿಯ ಮೇಲೆ ಇಬ್ಬರು ಕಣ್ಣಿಟ್ಟಿದ್ದಾರಂತೆ. ಕುರ್ಚಿ ಈಗ ನನಗೆ ಅಗಲವಾಗಿದೆ, ಮೂವರೂ ಕೂರಬಹುದು.

ಪ್ಯಾಂಟು ಬೆಲ್ಟಿಗೂ ನಿಲ್ಲುತ್ತಿಲ್ಲವೆಂದು ಅಕ್ಕನ ಮನೆಗೆ ಹೋದೆ. ಮಷೀನಿನ ಮೇಲೆ ಬಟ್ಟೆ ಹೊದಿಸಿತ್ತು. ಮೂರು ವಾರದಿಂದ ಮುಟ್ಟಿಲ್ಲವೆಂದು ಭಾವ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. ನನ್ನ ಪ್ಯಾಂಟೆಂದು ಎದ್ದು ಬಂದಳು. ನಿಂತು ಪಿನ್ನು ಹಾಕಲು ಆಗಲಿಲ್ಲ, ಕುರ್ಚಿಯಲ್ಲಿ ಕೂತು, ನನ್ನನ್ನು ತಿರುಗು ತಿರುಗು ಎಂದು ಸುತ್ತಿಸಿ ಹಾಕಿದಳು. ಮೂರು ಇಂಚು ಒಳಗೆ ಹೋಯಿತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಪಿನ್ನು ಎರಡು ಸಲ ನನಗೆ ಚುಚ್ಚಿತು, ಬೈಗುಳ ಬರಲಿಲ್ಲ. ಇವಳು ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ನನಗೆ ಸರಿಹೋಗುವುದಿಲ್ಲ.

ಮೇ 30

ಅಕ್ಕನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿ, ನಾಲ್ಕು ದಿನ ಇಟ್ಟುಕೊಂಡು ಬಿಟ್ಟರು. ಜೂನ್ 19ಕ್ಕೆ ನನ್ನನ್ನು ಮತ್ತೆ ತೂಗುತ್ತಾರೆ. ಅವತ್ತು ಎಂಬತ್ತೈದರ ಕೆಳಗಿದ್ದರೆ ಜುಲೈ ಪಟ್ಟಿಯಲ್ಲಿ ನಮ್ಮ ಹೆಸರು. ಇಲ್ಲದಿದ್ದರೆ ಮುಂದಿನ ಪಟ್ಟಿ ಅಕ್ಟೋಬರಿನಲ್ಲಿ. ಅಕ್ಟೋಬರ್ ತನಕ ತಡೆಯುತ್ತಾಳಾ ಎಂದು ಕೇಳಿದೆ. ಡಾಕ್ಟರ್ ಜೂನ್ 19 ಮರೆಯಬೇಡಿ ಎಂದರು.

ಜೂನ್ 12

ಎಂಬತ್ತೇಳು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ ನಡೆಯುತ್ತೇನೆ. ರಾತ್ರಿ ಊಟ ಬಿಟ್ಟೆ. ಮೇಡಂಗೆ ಗೊತ್ತಾಗಿ ಚೆನ್ನಾಗಿ ಬೈದರು. ಹೀಗೆ ಉಪವಾಸ ಬಿದ್ದರೆ ರಕ್ತ ಪರೀಕ್ಷೆ ಏರುಪೇರಾಗಿ ಅಲ್ಲೇ ಡಾಕ್ಟರ್ ಬೇಡ ಎನ್ನುತ್ತಾರಂತೆ, ವಾರಕ್ಕೆ ಅರ್ಧ ಮುಕ್ಕಾಲು ಕಿಲೋ ಇಳಿಯುತ್ತಿರುವುದೇ ದೊಡ್ಡದಂತೆ. ಅಂದರೆ ಸುಳ್ಳು ಬರೆದಾಗಲೂ ಬೈಗುಳ, ನಿಜ ಬರೆದಾಗಲೂ ಬೈಗುಳ. ಜನವರಿಯ ಕ್ರೀಮ್ ಬನ್ನುಗಳನ್ನೆಲ್ಲ ಲೆಕ್ಕ ಹಾಕುತ್ತ ಕೂತಿದ್ದೆ. ಆ ಎಂಟು ವಾರ ನೆಟ್ಟಗೆ ಇದ್ದಿದ್ದರೆ ಇವತ್ತು ಎಂಬತ್ತಮೂರು ಇರುತ್ತಿದ್ದೆ.

ಜೂನ್ 19

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮನೆಯ ತಕ್ಕಡಿಯಲ್ಲಿ ಎಂಬತ್ತಾರು ನಾನೂರು. ಆಸ್ಪತ್ರೆಯಲ್ಲಿ ನರ್ಸು ತಕ್ಕಡಿ ಚಾಲೂ ಮಾಡಿ, ಫೈಲ್ ತರಲು ಒಳಗೆ ಹೋದಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಹಳೇ ಕಬ್ಬಿಣ ಕೊಳ್ಳುವವನೊಬ್ಬನನ್ನು ನಾನು ಹಿಂದೆ ಹಿಡಿದಿದ್ದೆ. ತಕ್ಕಡಿಯ ಮೇಲಿನ ಹಲಗೆಗೂ ಕೆಳಗಿನ ಚೌಕಟ್ಟಿಗೂ ನಡುವೆ ಮಡಚಿದ ರಟ್ಟು ಸಿಕ್ಕಿಸಿಡುತ್ತಿದ್ದ. ಭಾರದ ಒಂದು ಪಾಲು ರಟ್ಟಿನ ಮೇಲೆ ಹೋಗುತ್ತದೆ, ಅಷ್ಟು ತೂಕ ಕಡಿಮೆ ಕಾಣುತ್ತದೆ. ಅವನ ಅಂಗಡಿಗೆ ಬೀಗ ಹಾಕಿಸಿ, ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೀತಿಪಾಠ ಹೇಳಿದ್ದೆ. ಮಾತ್ರೆ ಡಬ್ಬದ ರಟ್ಟು ನನ್ನ ಜೇಬಿನಲ್ಲಿತ್ತು. ತಾನಾಗಿ ಬಂದದ್ದಲ್ಲ, ಮನೆಯಿಂದಲೇ ಮಡಚಿ ತಂದಿದ್ದೆ.

ಎಂಬತ್ನಾಲ್ಕು ಆರುನೂರು. ನರ್ಸು ಬರೆದುಕೊಂಡು, ಪರವಾಗಿಲ್ವೇ ಎಂದು ನಕ್ಕಳು. ಅವಳು ತಿರುಗಿದರೆ ರಟ್ಟು ಎಳೆದುಬಿಡೋಣವೆಂದು ಶೂ ಕಟ್ಟಿಕೊಳ್ಳುವ ನೆಪದಲ್ಲಿ ಕೂತಿದ್ದೆ. ಅಷ್ಟರಲ್ಲಿ ಭಾವ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅಕ್ಕನಿಗೂ ಇವತ್ತು ಡಯಾಲಿಸಿಸ್ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ನರ್ಸು ಅವಳನ್ನು ಎಬ್ಬಿಸಿ, ಕೈಹಿಡಿದು ಅದೇ ತಕ್ಕಡಿಯ ಮೇಲೆ ನಿಲ್ಲಿಸಿದಳು. ಕಾಲು ಎರಡೂ ಬಾತುಕೊಂಡಿದ್ದವು, ಚಪ್ಪಲಿಯ ಪಟ್ಟಿ ಕೂರುತ್ತಿರಲಿಲ್ಲ. ನರ್ಸು ಅಂಕಿ ನೋಡಿ, ಒಂದೇ ಕಿಲೋ ಸೇರಿದೆ, ಇವತ್ತು ಸ್ವಲ್ಪ ತೆಗೆದರೆ ಸಾಕು ಎಂದು ಬರೆಯಲು ಹೊರಟಳು.

"ಅದು ಸುಳ್ಳು," ಎಂದೆ. "ನಂದೂ ಸುಳ್ಳು. ತಕ್ಕಡಿಗೆ ರಟ್ಟು ಸಿಕ್ಕಿಸಿದ್ದು ನಾನೇ."

ಬಗ್ಗಿ ರಟ್ಟು ಎಳೆದು ನರ್ಸಿನ ಕೈಗೆ ಕೊಟ್ಟೆ. ಅಕ್ಕನನ್ನು ಮತ್ತೆ ನಿಲ್ಲಿಸಿದರು. ಸೇರಿದ್ದು ಎರಡು ಕಿಲೋದ ಮೇಲೆ. ನನ್ನನ್ನೂ ನಿಲ್ಲಿಸಿದರು. ಎಂಬತ್ತಾರು ನಾನೂರು. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು, ಭಾವನ ಮುಖ ನೋಡಲಾಗಲಿಲ್ಲ. ಅಕ್ಕ ಗಾಲಿಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಯಾರಿಗೂ ಒಂದು ಗ್ರಾಂ ಬಿಟ್ಟವನಲ್ಲ ನೀನು," ಎಂದಳು. "ನನಗೋಸ್ಕರ ಮಾಡಿದ್ಯಾ?"

ನಿನಗೋಸ್ಕರ ಅಲ್ಲ, ನಡೆದು ನಡೆದು ಸಾಕಾಗಿತ್ತು ಎಂದೆ.

ಡಾಕ್ಟರ್ ಕರೆಸಿದರು. ಇಲಾಖೆಗೆ ಪತ್ರ ಬರೆಯುತ್ತಾರೆ, ಕೆಲಸಕ್ಕೆ ಸಂಚಕಾರ ಎಂದುಕೊಂಡು ಹೋದೆ. ಅವರು ರಟ್ಟನ್ನು ಮೇಜಿನ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹನ್ನೆರಡು ವರ್ಷದಲ್ಲಿ ತಕ್ಕಡಿಗೆ ಮೋಸ ಮಾಡಿದವರು ಇನ್ನೂ ಮೂವರು ಸಿಕ್ಕಿದ್ದಾರಂತೆ. ಮೂವರೂ ತೂಕ ಹೆಚ್ಚು ಕಾಣಲೆಂದು ಜೇಬಿನಲ್ಲಿ ಕಲ್ಲು ತುಂಬಿಕೊಂಡು ಬಂದವರಂತೆ. ಹೇಳಿ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಗೊತ್ತಾಗಲಿಲ್ಲ. ಪಟ್ಟಿಯಲ್ಲಿ ನಿಮ್ಮ ಜಾಗ ಮೂರು ವಾರ ಹಿಡಿದಿಡುತ್ತೇನೆ, ಇನ್ನೊಮ್ಮೆ ಹೀಗೆ ಮಾಡಿದರೆ ನಾನೇ ಹೊರಗೆ ಹಾಕುತ್ತೇನೆ ಎಂದರು. ನಾನು ತಲೆ ಆಡಿಸಿ ಬಂದೆ. ಬಾಯಿ ತೆರೆಯಲು ಒಂದು ನಿಮಿಷ ತಡವಾಗಿದ್ದರೆ ಅಕ್ಕ ಆ ನೀರನ್ನು ಮೈಯಲ್ಲಿ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದಳು.

ಜೂನ್ 20

ನಡೆದೆ.

ಜುಲೈ 10

ಎಂಬತ್ನಾಲ್ಕು ಏಳುನೂರು. ನರ್ಸು ಮೊದಲು ಮಂಡಿಯೂರಿ ತಕ್ಕಡಿಯ ನಾಲ್ಕೂ ಬದಿ ಕೈಯಾಡಿಸಿ ನೋಡಿದಳು. ನನ್ನ ಕೆಳಗೆ ಕೆಲಸ ಮಾಡುವವರೂ ಇಷ್ಟು ಅಚ್ಚುಕಟ್ಟಾಗಿ ನೋಡುವುದಿಲ್ಲ. ಹೊರಗೆ ಬೆಂಚಿನಲ್ಲಿ ಹೆಂಡತಿ, ಅಕ್ಕ, ಭಾವ ಸಾಲಾಗಿ ಕೂತಿದ್ದರು.

ಡಾಕ್ಟರ್ ಬಾಗಿಲು ಹಾಕಿಕೊಂಡರು. ಕೊನೆಯದಾಗಿ ಒಂದು ಮಾತು ಕೇಳಬೇಕು, ಎಲ್ಲರಿಗೂ ಕೇಳುತ್ತೇನೆ ಎಂದರು. "ಈಗಲೂ ಬೇಡ ಅನ್ನಿಸಿದರೆ ಹೇಳಿ. ತೂಕ ಇನ್ನೂ ಎರಡು ಕಿಲೋ ಜಾಸ್ತಿ ಇದೆ ಅಂತ ನಾನೇ ಹೊರಗೆ ಹೋಗಿ ಹೇಳ್ತೀನಿ. ಯಾವತ್ತೂ ಯಾರಿಗೂ ಗೊತ್ತಾಗಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಂಬತ್ನಾಲ್ಕು ಏಳುನೂರನ್ನು ಎಂಬತ್ತೇಳು ಎನ್ನುವುದಕ್ಕೆ ನೀವು ಯಾರು ಎಂದು ಕೇಳಿದೆ. ತಕ್ಕಡಿಯ ಮೇಲೆ ಮುದ್ರೆ ಇದೆ, ತೂಕ ಎಂದರೆ ತೂಕ, ಇದ್ದದ್ದನ್ನು ಇದ್ದ ಹಾಗೆ ಹೋಗಿ ಹೇಳಿ ಎಂದೆ. ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಹೊರಗೆ ಬೆಂಚಿಗೂ ಕೇಳಿಸಿತಂತೆ. ಡಾಕ್ಟರ್ ಫೈಲ್ ತೆರೆದು, ಜನವರಿಯಲ್ಲಿ ಬರೆದಿದ್ದ ಒಂದು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಏನಿತ್ತು ಎಂದು ಕೇಳಿದೆ. ನೀವು ಮತ್ತೆ ಬರುವುದಿಲ್ಲ ಎಂದು ಬರೆದಿದ್ದೆ ಎಂದರು. ಡಾಕ್ಟರುಗಳಿಗೆ ಮನುಷ್ಯರ ಬಗ್ಗೆ ಏನೂ ಗೊತ್ತಿರುವುದಿಲ್ಲ.

ಜುಲೈ 23

ಆಸ್ಪತ್ರೆ. ಸಂಜೆ ಐದಕ್ಕೆ ಒಂದು ಬಟ್ಟಲು ಸೂಪ್ ಕೊಟ್ಟು, ಇದೇ ಕೊನೆ ಎಂದು ಹೇಳಿಹೋದರು. ಹೇಳಿದ ರೀತಿ ಸ್ವಲ್ಪ ಬೇರೆ ಇರಬಹುದಿತ್ತು. ಹೆಂಡತಿ ನನ್ನ ಬಟ್ಟೆಯನ್ನು ನಾಲ್ಕನೆಯ ಸಲ ಮಡಚುತ್ತಿದ್ದಾಳೆ.

ಆಚೆಯ ಕೋಣೆಗೆ ಹೋಗಿ ಅಕ್ಕನ ಹಾಸಿಗೆಯ ಪಕ್ಕ ಕೂತೆ. ನಾಳೆಯಿಂದ ಲೀಟರ್‌ಗಟ್ಟಲೆ ನೀರು ಕುಡಿಯಬಹುದು, ಬಾಯಿ ಒಣಗುವುದಿಲ್ಲ, ನಮಗೆಲ್ಲ ಇನ್ನು ಉಳಿಗಾಲವಿಲ್ಲ ಎಂದೆ. ನಗಲಿಲ್ಲ. ಹೆದರಿಕೆಯಾಗುತ್ತಿದೆ ಎಂದಳು. ಚಿಕ್ಕಂದಿನಿಂದ ಅವಳ ಬಾಯಲ್ಲಿ ಈ ಮಾತು ನಾನು ಕೇಳಿಲ್ಲ. ಆಮೇಲೆ ನನ್ನ ಅಂಗಿಯ ಕೈ ಹಿಡಿದುಕೊಂಡು, "ಬೆಳಿಗ್ಗೆ ಎದ್ದು ನೀನು ಬೇಡ ಅಂದ್ರೂ ನಾನು ಏನೂ ಅಂದ್ಕೊಳಲ್ಲ ಕಣೋ. ನೀನು ಇಷ್ಟು ಇಳಿದದ್ದೇ ಸಾಕು," ಎಂದಳು. ಬಟ್ಟೆ ಜಗ್ಗಬೇಡ, ಹರಿದರೆ ಹೊಲಿಯುವವಳು ನೀನೇ ಎಂದೆ. ನಿನಗೆ ಹೆದರಿಕೆ ಇಲ್ವಾ ಎಂದು ಕೇಳಿದಳು. ಇಲ್ಲ ಎಂದು ಬಂದೆ.

ಈಗ ನರ್ಸು ಬಂದು ಜ್ವರ ನೋಡಿದಳು. ಏನೂ ಇಲ್ಲ ಎಂದಳು. ಇನ್ನೊಂದು ಸಲ ನೋಡಿ ಎಂದೆ. ರಕ್ತದೊತ್ತಡ ಸ್ವಲ್ಪ ಮೇಲಿದೆಯಲ್ಲ, ಇದಕ್ಕೆಲ್ಲ ಆಪರೇಷನ್ ನಿಲ್ಲಿಸುವುದಿಲ್ಲ ತಾನೇ ಎಂದು ಕೇಳಿದೆ. ಇಲ್ಲ ಎಂದಳು. ಬಾಗಿಲ ತನಕ ಹೋದವಳನ್ನು ಕರೆದು ಮತ್ತೊಮ್ಮೆ ಕೇಳಿದೆ.

ಅಕ್ಕನಿಗೆ ಹೇಳಿದ್ದು ಸುಳ್ಳು. ಹೆದರಿಕೆ ಇದೆ. ಬೆಳಗಾಗುವುದರೊಳಗೆ ಯಾರಾದರೂ ಈ ಬಾಗಿಲು ತೆಗೆದು, ನಿಮ್ಮದು ಬೇಡ, ಮನೆಗೆ ಹೋಗಿ ಎಂದುಬಿಟ್ಟರೆ ನಾನು ಏನು ಮಾಡಲಿ.